ಕೈತುತ್ತಿನಿಂದ ತನ್ನ ಕೈಯ ತುತ್ತಿಗೆ

ನೀವು ಶಾಲೆಯಲ್ಲೋ ಕಾಲೇಜಿನಲ್ಲೋ ಓದುತ್ತಿರುವವರು. ಹಸುಗೂಸಿಗೆ ಊಟ ಕಲಿಸುವ ಮಾತು ನಮಗೇಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ತವರಿಗೆ ಬಂದ ಅಕ್ಕ ಒಲೆಯ ಮೇಲಿನ ಹಾಲು ಇಳಿಸಲು ಒಳಗೆ ಹೋಗುವಾಗ ಮಗುವನ್ನು ಯಾರ ಮಡಿಲಲ್ಲಿ ಕೂರಿಸುತ್ತಾಳೆ? ಪುಸ್ತಕ ಹಿಡಿದು ಕುಳಿತ ನಿಮ್ಮ ಮಡಿಲಲ್ಲಿ ತಾನೆ?

ನಾನು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಮನೆಯಲ್ಲೂ ಹೀಗೇ ಆಯಿತು. ಅಕ್ಕನ ಮಗನಿಗೆ ಆಗ ಏಳು ತಿಂಗಳು. ಅವನ ಕೈಯಲ್ಲಿ ಒಂದು ತುಂಡು ಬಾಳೆಹಣ್ಣು. ಇದ್ದಕ್ಕಿದ್ದಂತೆ ಅವನ ಮುಖ ಕೆಂಪಾಯಿತು, ನಾಲಗೆ ಹೊರಬಂತು, 'ಓ' ಎಂದು ಓಕರಿಸಿ ಕೆಮ್ಮತೊಡಗಿದ. ಶ್ವಾಸಾಂಗಗಳ ಚಿತ್ರವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ ನಾನು ಗಾಬರಿಯಿಂದ ಅವನ ಬಾಯಿಗೆ ಬೆರಳು ಹಾಕಿದೆ. ತುಂಡು ಹೊರಬರುವ ಬದಲು ಒಳಗೆ ಸರಿಯಿತು. ಕೆಮ್ಮಿನ ಸದ್ದು ನಿಂತುಹೋಯಿತು. ಪಕ್ಕದ ಮನೆಯಲ್ಲಿದ್ದ ನಿವೃತ್ತ ದಾದಿಯೊಬ್ಬರು ಓಡಿ ಬಂದು ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ತಟ್ಟಿದರು. ಹಣ್ಣು ನೆಲಕ್ಕೆ ಬಿತ್ತು, ಮಗು ಅತ್ತಿತು. ಆ ಅಳುವಿನಷ್ಟು ಇಂಪಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ. ನನ್ನ ತಪ್ಪೇನೆಂಬುದು ಅರ್ಥವಾದದ್ದು ಆಮೇಲೆ. ಅದು ನಿಮಗೆ ಮೊದಲೇ ತಿಳಿದಿರಲಿ.

ಓಕರಿಕೆ ಬೇರೆ, ಉಸಿರು ಕಟ್ಟುವುದು ಬೇರೆ

ನೀರೋ ಅನ್ನವೋ ದಾರಿ ತಪ್ಪಿದಾಗ 'ನೆತ್ತಿಗೆ ಹತ್ತಿತು' ಎಂದು ನಾವು ತಲೆ ತಟ್ಟುತ್ತೇವೆ. ಅದು ಹತ್ತುವುದು ನೆತ್ತಿಗಲ್ಲ, ಶ್ವಾಸನಾಳದ ಬಾಗಿಲಿಗೆ. ಗಂಟಲಿನಲ್ಲಿ ಅನ್ನನಾಳ, ಶ್ವಾಸನಾಳಗಳ ಬಾಯಿಗಳು ಅಕ್ಕಪಕ್ಕದಲ್ಲಿವೆ. ನುಂಗುವಾಗ ಎಪಿಗ್ಲಾಟಿಸ್ ಎಂಬ ಮುಚ್ಚಳ ಬಾಗಿ ಶ್ವಾಸನಾಳವನ್ನು ಕಾಯುತ್ತದೆ. ಇದಲ್ಲದೆ ಇನ್ನೊಂದು ಕಾವಲೂ ಇದೆ. ಅದೇ ಓಕರಿಕೆ. ದೊಡ್ಡವರಲ್ಲಿ ನಾಲಗೆಯ ಬುಡ ಮುಟ್ಟಿದರೆ ಓಕರಿಕೆ ಬರುತ್ತದೆ. ಆರೇಳು ತಿಂಗಳ ಮಗುವಿನಲ್ಲಿ ನಾಲಗೆಯ ಇನ್ನೂ ಮುಂಭಾಗ ಮುಟ್ಟಿದರೂ ಸಾಕು. ತುಂಡು ಗಂಟಲಿಗೆ ಹೋಗುವ ಮುಂಚೆಯೇ ಅದನ್ನು ಮುಂದಕ್ಕೆ ನೂಕುವ ಏರ್ಪಾಡು ಅದು. ಮಗು ಬೆಳೆದಂತೆ ಈ ಜಾಗ ಹಿಂದಕ್ಕೆ ಸರಿಯುತ್ತದೆ.

ಗುರುತು ಹಿಡಿಯುವುದು ಹೇಗೆ? ಸದ್ದಿನಿಂದ. ಓಕರಿಸುವ, ಜೋರಾಗಿ ಕೆಮ್ಮುವ ಮಗುವಿನಲ್ಲಿ ಗಾಳಿ ಓಡಾಡುತ್ತಿದೆ. ಉಸಿರು ಕಟ್ಟಿದ ಮಗುವಿಗೆ ಅಳಲೂ ಆಗದು, ಕೆಮ್ಮಲೂ ಆಗದು. ತುಟಿ ನೀಲಿಗಟ್ಟುತ್ತದೆ. ಸದ್ದು ಮಾಡುವ ಮಗುವಿಗಿಂತ ಸದ್ದಿಲ್ಲದ ಮಗುವೇ ಹೆಚ್ಚು ಅಪಾಯದಲ್ಲಿರುತ್ತದೆ.

ಎಳೆಯ ಮಕ್ಕಳಿಗೆ ಈ ಅಪಾಯ ಹೆಚ್ಚೇಕೆ? ಅರೆಯುವ ಹಲ್ಲುಗಳು ಮೂಡುವುದು ಒಂದು ವರ್ಷ ದಾಟಿದ ಮೇಲೆ. ಅಲ್ಲದೆ ಅವರ ಶ್ವಾಸನಾಳ ಬಹಳ ಸಣ್ಣದು. ಭೌತಶಾಸ್ತ್ರದಲ್ಲಿ ಪ್ವಾಸೇಯ ನಿಯಮವನ್ನು ನೀವು ಓದಿರಬಹುದು. ಕಿರಿದಾದ ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವಿಗೆ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ದೊಡ್ಡವರಿಗೆ ಬರೀ ಕೆಮ್ಮು ತರಿಸುವ ಚೂರು ಮಗುವಿನ ಪ್ರಾಣಕ್ಕೆ ಎರವಾಗುವುದು ಇದರಿಂದಲೇ.

ಹೆದರಿ ಮುಂದೂಡಬಹುದೆ?

ಹಾಗಾದರೆ ವರ್ಷ ತುಂಬುವವರೆಗೂ ಬರೀ ನುಣ್ಣನೆಯ ಸರಿ ಕೊಟ್ಟರಾಯಿತಲ್ಲ ಎನ್ನುವಿರಾ? ಅದರಲ್ಲೂ ತೊಂದರೆಯಿದೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಅನಂತರ ಎದೆಹಾಲಿನ ಜೊತೆಗೆ ಬೇರೆ ಆಹಾರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಗಿಯುವುದು ಕಲಿಕೆಯಿಂದ ಬರುವ ವಿದ್ಯೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆದಿಯಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ಗಮನಿಸಿದರು. ಒಂಬತ್ತು ತಿಂಗಳಾದ ಮೇಲಷ್ಟೇ ತರಿತರಿ ಆಹಾರ ಕಂಡ ಮಕ್ಕಳು ಏಳನೆಯ ವಯಸ್ಸಿನಲ್ಲಿ ಹಣ್ಣು ತರಕಾರಿಗಳನ್ನು ಕಡಿಮೆ ತಿನ್ನುತ್ತಿದ್ದರು, ಊಟದ ತಕರಾರು ಹೆಚ್ಚಾಗಿತ್ತು.

ತಾನೇ ಹಿಡಿದು ತಿನ್ನುವ ಮಗುವಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚೆ? ನ್ಯೂಜಿಲೆಂಡಿನಲ್ಲಿ 206 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಎಂಥ ತುಂಡು ಕೊಡಬೇಕೆಂದು ತಿಳಿವಳಿಕೆ ಪಡೆದ ತಾಯಂದಿರ ಮಕ್ಕಳಿಗೂ ಉಳಿದ ಮಕ್ಕಳಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಎರಡೂ ಗುಂಪಿನಲ್ಲಿ ಅಪಾಯದ ತಿನಿಸುಗಳು ಎಷ್ಟೋ ಮಕ್ಕಳ ಕೈಗೆ ಸಿಕ್ಕಿದ್ದವು. ಅಂದರೆ ನೋಡಬೇಕಾದದ್ದು ಯಾರ ಕೈ ಎಂಬುದಕ್ಕಿಂತ ಎಂಥ ತುತ್ತು ಎಂಬುದನ್ನು.

ಯಾವುದು ಸರಿ, ಯಾವುದು ಬೇಡ

ಮಗುವಿನ ಕತ್ತು ನಿಂತಿರಬೇಕು, ಆಸರೆ ಕೊಟ್ಟರೆ ನೆಟ್ಟಗೆ ಕೂರಬೇಕು, ಬಾಯಿಗಿಟ್ಟದ್ದನ್ನು ನಾಲಗೆಯಿಂದ ಹೊರದೂಡುವುದು ನಿಂತಿರಬೇಕು. ಆಗ ಅದು ಸಿದ್ಧ. ಈ ವಯಸ್ಸಿನಲ್ಲಿ ಮಗು ಇಡೀ ಮುಷ್ಟಿಯಿಂದ ಹಿಡಿಯುತ್ತದೆ. ಆದ್ದರಿಂದ ಮುಷ್ಟಿಯಿಂದ ಹೊರಗೆ ಚಾಚಿಕೊಂಡಿರುವಂತೆ ದೊಡ್ಡವರ ಬೆರಳಿನುದ್ದದ ತುಂಡು ಬೇಕು. ಚೆನ್ನಾಗಿ ಬೆಂದ ಸಿಹಿಗೆಣಸು, ಸಿಹಿಗುಂಬಳ, ಕ್ಯಾರೆಟ್, ಕಳಿತ ಪಪ್ಪಾಯಿ, ಬೇಳೆಕಟ್ಟಿನಲ್ಲಿ ಅದ್ದಿದ ಮೆತ್ತನೆಯ ಇಡ್ಲಿ ಎಲ್ಲವೂ ಆಗುತ್ತವೆ. ಪರೀಕ್ಷೆ ಸುಲಭ: ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ತುಂಡು ನುಣ್ಣಗಾಗಬೇಕು. ನಿಮ್ಮ ಬೆರಳಿಗೆ ಸೋತದ್ದು ಮಗುವಿನ ವಸಡಿಗೂ ಸೋಲುತ್ತದೆ. ಒಂಬತ್ತು ತಿಂಗಳ ಹೊತ್ತಿಗೆ ಎರಡು ಬೆರಳಿನಿಂದ ಹೆಕ್ಕಲು ಕಲಿತಾಗ ಸಣ್ಣ ಮೆತ್ತನೆಯ ಚೂರುಗಳನ್ನು ಕೊಡಬಹುದು. ಹಾಗೆಂದು ರಾಗಿ ಸರಿ ನಿಲ್ಲಿಸಬೇಕಿಲ್ಲ. ಎರಡೂ ಜೊತೆಯಲ್ಲಿ ನಡೆಯಲಿ.

ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಗೋಡಂಬಿ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ಕೊಬ್ಬರಿ ಚೂರು, ಚಕ್ಕುಲಿ, ಪೆಪ್ಪರಮೆಂಟು ಬೇಡವೇ ಬೇಡ. ಸೀತಾಫಲ, ಸಪೋಟ ಕೊಡುವಾಗ ಬೀಜ ಒಂದೂ ಉಳಿಯಬಾರದು. ನಮ್ಮ ದೇಶದಲ್ಲಿ ವೈದ್ಯರು ಮಕ್ಕಳ ಶ್ವಾಸನಾಳದಿಂದ ಹೊರತೆಗೆಯುವ ವಸ್ತುಗಳಲ್ಲಿ ಮತ್ತೆ ಮತ್ತೆ ಕಾಣುವುದು ಕಡಲೆಕಾಯಿ ಬೀಜ. ಜೇನುತುಪ್ಪವನ್ನೂ ವರ್ಷ ತುಂಬುವವರೆಗೆ ನೆಕ್ಕಿಸಬಾರದು. ಅದಕ್ಕೆ ಕಾರಣ ಬೇರೆ: ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಬಾಟುಲಿಸಂ ಎಂಬ ಕಾಯಿಲೆ ಬರಬಹುದು.

ಮಲಗಿಸಿ ಉಣಿಸಬೇಡಿ. ಕಾಲ ಮೇಲೆ ಮಲಗಿಸಿ ಒಳಲೆಯಿಂದ ಬಾಯಿಗೆ ಸುರಿಯುವ ಹಳೆಯ ರೂಢಿಯೂ ಇದೇ ಕಾರಣಕ್ಕೆ ಅಪಾಯ. ಅಳುವಾಗ, ನಗುವಾಗ, ಅಂಬೆಗಾಲಿಡುವಾಗ ತುತ್ತು ಕೊಡಬೇಡಿ. ತಿನ್ನುವ ಮಗುವನ್ನು ಅರೆಕ್ಷಣವೂ ಒಂಟಿಯಾಗಿ ಬಿಡಬೇಡಿ.

ಸಿಕ್ಕಿಕೊಂಡರೆ ಏನು ಮಾಡಬೇಕು?

ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಕಣ್ಣಿಟ್ಟಿರಿ. ಕಾಣದ ತುಂಡಿಗಾಗಿ ಬಾಯಿಗೆ ಬೆರಳು ಹಾಕಬೇಡಿ. ಸದ್ದು ನಿಂತರೆ ನೆರವಿಗೆ ಕೂಗಿ, ಒಬ್ಬರು 108ಕ್ಕೆ ಕರೆ ಮಾಡಲಿ. ಒಂದು ವರ್ಷದೊಳಗಿನ ಮಗುವಾದರೆ, ದವಡೆಗೆ ಆಸರೆ ಕೊಟ್ಟು, ತಲೆ ಮೈಗಿಂತ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ. ಅಂಗೈಯ ಬುಡದಿಂದ ಎರಡು ಹೆಗಲೆಲುಬುಗಳ ನಡುವೆ 5 ಬಾರಿ ಬಲವಾಗಿ ತಟ್ಟಿ. ತುಂಡು ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯ ಕೆಳ ಅರ್ಧಭಾಗದ ಮೇಲೆ 5 ಬಾರಿ ಒತ್ತಿ. ತುಂಡು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದರಂತೆ ಮಾಡಬೇಕು. ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ವಿವರಿಸಿದ, ಹೊಟ್ಟೆಯನ್ನು ಒತ್ತುವ ವಿಧಾನ ಇಷ್ಟು ಚಿಕ್ಕ ಮಗುವಿಗೆ ಸಲ್ಲದು. ಯಕೃತ್ತಿಗೆ ಪೆಟ್ಟಾದೀತು. ಮಗು ಎಚ್ಚರ ತಪ್ಪಿದರೆ ಕೃತಕ ಉಸಿರಾಟ, ಎದೆಯೊತ್ತುವಿಕೆ ಶುರುಮಾಡಬೇಕು.

ಇದನ್ನು ಓದಿದರೆ ಸಾಲದು, ಕೈಗೆ ಬರಬೇಕು. ನಿಮ್ಮ ಕಾಲೇಜಿನಲ್ಲಿ ರೆಡ್‌ಕ್ರಾಸ್ ಅಥವಾ ಎನ್.ಸಿ.ಸಿ. ಘಟಕವಿದ್ದರೆ ಪ್ರಥಮ ಚಿಕಿತ್ಸೆಯ ತರಬೇತಿ ಏರ್ಪಡಿಸುವಂತೆ ಕೇಳಿ. ಬೊಂಬೆಯ ಮೇಲೆ ಹತ್ತು ಸಲ ಮಾಡಿದ ಕೈ ನಿಜವಾದ ಗಳಿಗೆಯಲ್ಲಿ ನಡುಗುವುದಿಲ್ಲ.

ಬಾಳೆಹಣ್ಣಿನ ಆ ಹುಡುಗ ಈಗ ನನಗಿಂತ ಎತ್ತರ ಬೆಳೆದಿದ್ದಾನೆ. ಅಂದು ನಾವು ಹೆದರಿ ವಾರಗಟ್ಟಲೆ ಅವನ ಕೈಗೆ ಏನನ್ನೂ ಕೊಡಲಿಲ್ಲ. ಧೈರ್ಯ ಮಾಡಿ ಮತ್ತೆ ಕೊಟ್ಟವರು ಅದೇ ದಾದಿ. ಈ ಬಾರಿ ಬೇಯಿಸಿದ ಗೆಣಸು. ಅವನು ಅದನ್ನು ಮೂಗು ಕೆನ್ನೆಗೆಲ್ಲ ಬಳಿದುಕೊಂಡು ತಿಂದ. ನಾನು ಬೆರಳುಗಳನ್ನು ಮಡಚಿಕೊಂಡು, ಕಿವಿ ತೆರೆದು, ಪಕ್ಕದಲ್ಲೇ ಕುಳಿತಿದ್ದೆ.