ಮೊಬೈಲಿನ ಪತ್ರಿಕೆ ಪ್ಯಾಕು: ಲೆಕ್ಕ ಹಾಕಿ ದುಡ್ಡು ಕಟ್ಟಿ

ಈಗ ಪತ್ರಿಕೆಗಳನ್ನೂ ಮೂಟೆ ಕಟ್ಟಿ ಮಾರುತ್ತಿದ್ದಾರೆ. ಒಂದು ಚಂದಾ ಕಟ್ಟಿದರೆ ಸಾಕು, ಮೊಬೈಲಿನಲ್ಲಿ ಸಾವಿರಾರು ದಿನಪತ್ರಿಕೆ, ವಾರಪತ್ರಿಕೆ, ಮಾಸಿಕ ಎಲ್ಲ ಓದಬಹುದು ಅಂತಾರೆ. ನಮ್ಮೂರಿನ ಓದುವ ಹುಡುಗರು, ಹೊರಗೆ ಕೆಲಸಕ್ಕೆ ಹೋದ ಮಕ್ಕಳು ಇದನ್ನು ಹಾಕಿಸಿಕೊಂಡು ಮನೆಯವರಿಗೂ ಕೊಡುತ್ತಿದ್ದಾರೆ. "ಕಾಗದದ ಪತ್ರಿಕೆಗೆ ಯಾಕಪ್ಪಾ ಬೇರೆ ದುಡ್ಡು, ಎಲ್ಲ ಇದರಲ್ಲೇ ಬರುತ್ತಲ್ಲ" ಅನ್ನೋ ಮಾತು ನಮ್ಮ ಮನೆಯಲ್ಲೂ ಬಂತು.

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಶಿರಾ ಸೀಮೆಯಲ್ಲಿ ಮಳೆ ನಂಬಿದ ಐದೂವರೆ ಎಕರೆ ಜಮೀನು ನಮ್ಮದು. ಕಡಲೆಕಾಯಿ, ರಾಗಿ, ತೊಗರಿ ನಮ್ಮ ಬೆಳೆ. ಮಗ ತುಮಕೂರಿನಲ್ಲಿದ್ದಾನೆ. ಅವನು ಇಂಥ ಒಂದು ಪ್ಯಾಕ್ ಹಾಕಿಸಿ ನನ್ನ ಫೋನಿಗೂ ಕೊಟ್ಟ. ಮಳೆ, ಕೂಲಿ ಬರೆಯುವ ನೋಟ್ ಬುಕ್ಕಿನಲ್ಲೇ ಇದಕ್ಕೂ ಒಂದು ಪುಟ ಬಿಟ್ಟು ಮೂರು ತಿಂಗಳು ಲೆಕ್ಕ ಬರೆದೆ. ಯಾವ ದಿನ ತೆರೆದೆ, ಯಾವ ಪತ್ರಿಕೆ, ಎಷ್ಟು ಹೊತ್ತು ಅಂತ. ಆ ಲೆಕ್ಕವನ್ನೂ, ವಿಚಾರಿಸಿ ತಿಳಿದ ಸಂಗತಿಗಳನ್ನೂ ಇಲ್ಲಿ ಕೊಟ್ಟಿದ್ದೇನೆ.

ಮೂಟೆ ವ್ಯಾಪಾರ ಹೊಸದಲ್ಲ

ಇದು ನಮಗೆ ಗೊತ್ತಿಲ್ಲದ ವ್ಯಾಪಾರವಲ್ಲ. ಯೂರಿಯಾ ಕೇಳಲು ಹೋದರೆ ಕೆಲವು ಅಂಗಡಿಗಳಲ್ಲಿ ಜೊತೆಗೆ ಬೇಡದ ಇನ್ನೊಂದು ಡಬ್ಬಿ ಹಿಡಿಸುತ್ತಾರಲ್ಲ, ಅದಕ್ಕೆ ನಾವು ಲಿಂಕ್ ಅಂತೀವಿ. ಬೇಕಾದ್ದರ ಬಾಲಕ್ಕೆ ಬೇಡದ್ದನ್ನು ಕಟ್ಟುವುದು.

ಟಿವಿ ವಿಚಾರದಲ್ಲೂ ಇದೇ ಆಯಿತು. ಚಾನೆಲ್ಲುಗಳನ್ನು ಗುಂಪು ಗುಂಪಾಗಿ ಹೊರಿಸುತ್ತಿದ್ದರು. 2019ರ ಫೆಬ್ರುವರಿಯಿಂದ ಟ್ರಾಯ್ ಹೊಸ ಪದ್ಧತಿ ತಂದಿತು. ಮೊದಲ 100 ಚಾನೆಲ್‌ಗೆ ತೆರಿಗೆ ಬಿಟ್ಟು 130 ರೂಪಾಯಿ, ಅದರ ಮೇಲೆ ಹಣದ ಚಾನೆಲ್ ಬೇಕಾದರೆ ಬಿಡಿಯಾಗಿಯೂ ಆರಿಸಿಕೊಳ್ಳಬಹುದು ಅಂತ. ಆಗ ನಾವು ಕೂತು ಲೆಕ್ಕ ಹಾಕಿದಾಗ ಮನೆಯಲ್ಲಿ ನೋಡುತ್ತಿದ್ದದ್ದು ಏಳೆಂಟು ಚಾನೆಲ್ ಮಾತ್ರ ಅಂತ ತಿಳೀತು.

ಹಾಗಂತ ಎಲ್ಲವನ್ನೂ ಕೂಡಿಸುವುದೇ ತಪ್ಪು ಅಂತ ನಾನು ಹೇಳಲ್ಲ. ನಮ್ಮ ಅಕ್ಕಡಿ ಸಾಲೂ ಕೂಡಿಸಿದ್ದೇ ತಾನೆ? ರಾಗಿ ಜೊತೆ ತೊಗರಿ, ಅವರೆ, ಜೋಳ, ಹುಚ್ಚೆಳ್ಳು. ಆದರೆ ಅಲ್ಲಿ ಒಂದೊಂದಕ್ಕೂ ಒಂದು ಕೆಲಸ ಇದೆ. ಒಂದು ಮಳೆಗೆ ಒಂದು ಹೋದರೆ ಇನ್ನೊಂದು ಉಳಿಯುತ್ತೆ. ಕೆಲಸವಿಲ್ಲದ್ದನ್ನು ಯಾರೂ ಅಕ್ಕಡಿಗೆ ಹಾಕಲ್ಲ. ಪತ್ರಿಕೆ ಪ್ಯಾಕನ್ನೂ ಇದೇ ಕಣ್ಣಲ್ಲಿ ನೋಡಬೇಕು.

ಯಾರು ಮಾಡಿದರು, ಹೇಗೆ ನಡೀತು

ನಮ್ಮ ದೇಶದಲ್ಲಿ ಇದರಲ್ಲಿ ದೊಡ್ಡ ಹೆಸರು ಮ್ಯಾಗ್ಜ್‌ಟರ್. ಚೆನ್ನೈನವರಾದ ಗಿರೀಶ್ ರಾಮದಾಸ್, ವಿಜಯಕುಮಾರ್ ರಾಧಾಕೃಷ್ಣನ್ 2011ರಲ್ಲಿ ಶುರು ಮಾಡಿದ್ದು. ಮೊದಲು ಬಿಡಿ ಸಂಚಿಕೆ ಮಾರುತ್ತಿದ್ದರು. ಆಮೇಲೆ ಗೋಲ್ಡ್ ಅಂತ ಒಂದೇ ಚಂದಾಕ್ಕೆ ಸಾವಿರಾರು ಪತ್ರಿಕೆ ಓದುವ ಏರ್ಪಾಡು ತಂದರು. ಫೋನ್ ಕಂಪನಿಗಳೂ ಇದಕ್ಕೆ ಇಳಿದವು. ಜಿಯೋದವರು ಪತ್ರಿಕೆಗೊಂದು, ಸುದ್ದಿಗೊಂದು ಅಂತ ಇದ್ದ ಆಪ್‌ಗಳನ್ನು 2019ರಲ್ಲಿ ಕೂಡಿಸಿ ಜಿಯೋನ್ಯೂಸ್ ಮಾಡಿದರು.

ಅಮೆರಿಕದಲ್ಲಿ ಆಪಲ್ ಕಂಪನಿ ಮಾಡಿದ್ದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಅದು ನಮಗೆ ಬರುವುದಿಲ್ಲ, ಆದರೆ ವ್ಯಾಪಾರದ ಒಳಗು ಅಲ್ಲಿ ಚೆನ್ನಾಗಿ ಕಾಣುತ್ತೆ. ಅಲ್ಲಿ ಟೆಕ್ಸ್ಚರ್ ಅಂತ ಒಂದು ಪ್ಯಾಕ್ ಇತ್ತು. 2018ರಲ್ಲಿ ಆಪಲ್ ಅದನ್ನು ಕೊಂಡಿತು. 2019ರ ಮಾರ್ಚ್ 25ರಂದು 'ಆಪಲ್ ನ್ಯೂಸ್ ಪ್ಲಸ್' ಅಂತ ಹೊಸದು ಶುರು ಮಾಡಿತು. 300ಕ್ಕೂ ಮಿಕ್ಕಿ ಪತ್ರಿಕೆ, ತಿಂಗಳಿಗೆ ಹತ್ತು ಡಾಲರಿಗೆ ಒಂದು ಸೆಂಟ್ ಕಡಿಮೆ. ಅದೇ ವರ್ಷ ಮೇ 28ಕ್ಕೆ ಹಳೇ ಟೆಕ್ಸ್ಚರ್ ಮುಚ್ಚಿತು. ಚಂದಾದಲ್ಲಿ ಸುಮಾರು ಅರ್ಧವನ್ನು ಆಪಲ್ ಇಟ್ಟುಕೊಂಡು, ಉಳಿದರ್ಧವನ್ನು ಓದುಗರು ಯಾವ ಪತ್ರಿಕೆಯಲ್ಲಿ ಎಷ್ಟು ಹೊತ್ತು ಕಳೆದರು ಅನ್ನೋ ಲೆಕ್ಕದಲ್ಲಿ ಹಂಚುತ್ತೆ ಅಂತ ಆಗ ವರದಿಯಾಯಿತು. ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್ ಶುರುವಿನಲ್ಲೇ ಅದಕ್ಕೆ ಸೇರಲಿಲ್ಲ. ಆಪಲ್‌ನ ಬಿಟ್ಟಿ ಸುದ್ದಿ ಆಪ್‌ಗೆ ಕೊಡುತ್ತಿದ್ದ ಲೇಖನಗಳನ್ನೂ ನ್ಯೂಯಾರ್ಕ್ ಟೈಮ್ಸ್ 2020ರ ಜೂನಿನಲ್ಲಿ ನಿಲ್ಲಿಸಿತು. ಓದುಗರ ಜೊತೆ ನೇರ ಸಂಬಂಧ ಬೇಕು ಅನ್ನೋದು ಅವರ ಕಾರಣ. ಅಷ್ಟು ದೊಡ್ಡ ಪತ್ರಿಕೆಗೇ ಮಧ್ಯದ ಮಂಡಿಯವನು ಬೇಡವಾದ.

ಗಂಟೆ ಲೆಕ್ಕದಲ್ಲಿ ಕೃಷಿ ಪತ್ರಿಕೆಗೆ ಏನು ಸಿಗುತ್ತೆ?

ಓದಿದ ಹೊತ್ತಿನ ಮೇಲೆ ದುಡ್ಡು ಹಂಚುವ ಪದ್ಧತಿಯನ್ನು ನಮ್ಮ ಕಡೆಯಿಂದ ನೋಡೋಣ. ಒಂದು ಅಂದಾಜು ಲೆಕ್ಕ ಇಟ್ಟುಕೊಳ್ಳಿ. ತಿಂಗಳ ಚಂದಾ 100 ರೂಪಾಯಿ. ಅರ್ಧ ಪ್ಯಾಕಿನವನಿಗೆ, ಉಳಿದದ್ದು 50. ತಿಂಗಳಿಗೆ ಹತ್ತು ಗಂಟೆ ಓದಿದಿರಿ. ಅದರಲ್ಲಿ ಕೃಷಿ ಮಾಸಿಕ ಓದಿದ್ದು ಅರ್ಧ ಗಂಟೆ. ಆ ಮಾಸಿಕಕ್ಕೆ ಸಿಗುವುದು ಎರಡೂವರೆ ರೂಪಾಯಿ. ಉಳಿದ ನಲವತ್ತೇಳೂವರೆ ಸಿನಿಮಾ, ರಾಜಕೀಯ, ಕ್ರಿಕೆಟ್ ಬರೆಯುವವರಿಗೆ.

ಸಿನಿಮಾ ಪತ್ರಿಕೆ ಬೇಡ ಅಂತಲ್ಲ. ಆದರೆ ಕೃಷಿ ಪತ್ರಿಕೆಯ ಬೆಲೆ ಓದಿದ ಹೊತ್ತಿನಲ್ಲಿ ಇರೋದಿಲ್ಲ. ಬದುವಿಗೆ ಯಾವ ಗಿಡ ಹಾಕಿದರೆ ಮಣ್ಣು ನಿಲ್ಲುತ್ತೆ, ಕಡಲೆಕಾಯಿ ಬೀಜ ಬೂಷ್ಟು ಹಿಡಿಯದ ಹಾಗೆ ಹೇಗೆ ಇಡಬೇಕು ಅಂತ ಒಬ್ಬ ರೈತ ಬರೆದದ್ದನ್ನು ಓದಲು ಹತ್ತು ನಿಮಿಷ ಸಾಕು. ಅದರ ಉಪಯೋಗ ಒಂದು ಹಂಗಾಮು, ಕೆಲವೊಮ್ಮೆ ಹತ್ತು ವರ್ಷ. ಹುಲ್ಲನ್ನು ಹೊರೆ ಲೆಕ್ಕದಲ್ಲಿ ಕೊಳ್ತೀವಿ. ಬಿತ್ತನೆ ಬೀಜವನ್ನು ಮೊಳಕೆ ನೋಡಿ ಕೊಳ್ತೀವಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಬೀಜದವನು ಉಳಿಯಲ್ಲ.

ಆದ್ದರಿಂದ "ಎಲ್ಲ ಪ್ಯಾಕಲ್ಲೇ ಬರುತ್ತೆ" ಅಂತ ಸಣ್ಣ ಪತ್ರಿಕೆಗಳ ಚಂದಾ ನಿಲ್ಲಿಸುವವರು ಒಂದು ಸಲ ಯೋಚನೆ ಮಾಡಬೇಕು. ಸಣ್ಣ ಪತ್ರಿಕೆ ನಡೆಯುವುದು ಮುಂಗಡ ಕೊಡುವ ಚಂದಾದಾರರಿಂದ. ಕಾಗದ, ಅಚ್ಚಿನ ಖರ್ಚಿಗೆ ಆ ದುಡ್ಡೇ ಬಂಡವಾಳ. ಅದು ನಿಂತರೆ ಪ್ಯಾಕಿಗೆ ಹಾಕಲಿಕ್ಕೂ ಪತ್ರಿಕೆ ಇರೋದಿಲ್ಲ.

ನನ್ನ ಮೂರು ತಿಂಗಳ ಲೆಕ್ಕ

ತೆರೆದ ದಿನಗಳು 38. ಬಿತ್ತನೆ, ಕಳೆ ಕೀಳುವ ದಿನಗಳಲ್ಲಿ ಫೋನ್ ಮುಟ್ಟಲಿಲ್ಲ. ತೆರೆದು ನೋಡಿದ ಪತ್ರಿಕೆಗಳು 11. ಎರಡನೇ ಸಲ ಹುಡುಕಿಕೊಂಡು ಹೋಗಿ ಓದಿದ್ದು ನಾಲ್ಕು. ಪ್ಯಾಕಿನಲ್ಲಿ ಬಹುಪಾಲು ಇಂಗ್ಲಿಷ್. ಕನ್ನಡದವು ಕಡಿಮೆ, ಮಳೆ ಆಧಾರಿತ ಬೇಸಾಯದ ವಿಚಾರ ಇನ್ನೂ ಕಡಿಮೆ.

ಅನುಕೂಲ ಇಲ್ಲ ಅಂತಲ್ಲ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ನನ್ನ ವಯಸ್ಸಿನವರಿಗೆ ಇದು ಒಳ್ಳೇದು. ಅಂಚೆ ತಡವಾಯಿತು ಅನ್ನೋ ಮಾತಿಲ್ಲ. ಹಳೇ ಸಂಚಿಕೆ ಹುಡುಕೋದು ಸುಲಭ. ಆದರೆ ಅಚ್ಚಾದ ಪುಟವನ್ನೇ ಫೋಟೋ ಮಾಡಿ ಹಾಕಿದ್ದರೆ ಆ ಚಿಕ್ಕ ಫೋನಿನಲ್ಲಿ ಓದೋದು ಕಿಂಡಿಯಲ್ಲಿ ತೇರು ನೋಡಿದ ಹಾಗೆ. ಆ ಕಡೆ ಈ ಕಡೆ ಎಳೆದು ಎಳೆದು ಸಾಲೇ ತಪ್ಪಿಹೋಗುತ್ತೆ.

ಇನ್ನೊಂದು ಮುಖ್ಯ ವಿಷಯ. ಇಂಥ ಪ್ಯಾಕಿನಲ್ಲಿ ನಾವು ಕೊಡುವುದು ಗುತ್ತಿಗೆ ಹಣ, ಕ್ರಯದ ಹಣ ಅಲ್ಲ. ಚಂದಾ ನಿಲ್ಲಿಸಿದ ದಿನ ಹಿಂದೆ ಓದಿದ್ದಕ್ಕೂ ಬೀಗ. ಕಾಗದದ ಸಂಚಿಕೆ ಹಾಗಲ್ಲ. ನಮ್ಮ ಅಟ್ಟದಲ್ಲಿ ಇಪ್ಪತ್ತು ವರ್ಷದ ಹಳೇ ಸಂಚಿಕೆಗಳಿವೆ. ನಮ್ಮ ಮನೆಗೆ ಬಂದದ್ದು ನಾಲ್ಕು ಮನೆ ತಿರುಗಿ ವಾಪಸು ಬರುತ್ತೆ.

ಯಾರಿಗೆ ಲಾಭ, ಯಾರಿಗೆ ನಷ್ಟ

ಪ್ಯಾಕಿನಲ್ಲಿ ಎಷ್ಟು ಪತ್ರಿಕೆ ಇದೆ ಅನ್ನೋದು ಮಾರುವವರ ಲೆಕ್ಕ. ನಾವು ಎಷ್ಟು ಓದ್ತೀವಿ ಅನ್ನೋದು ನಮ್ಮ ಲೆಕ್ಕ. ವರ್ಷಕ್ಕೆ 1,200 ರೂಪಾಯಿ ಅಂತ ಇಟ್ಟುಕೊಂಡರೆ ತಿಂಗಳಿಗೆ 100. ತಿಂಗಳಿಗೆ ಒಂದು ಸಂಚಿಕೆ ಓದಿದರೆ ಅದಕ್ಕೆ 100 ರೂಪಾಯಿ ಬಿತ್ತು. ನಾಲ್ಕು ಓದಿದರೆ 25. ಮನೆಯಲ್ಲಿ ಮೂವರು ಸೇರಿ ಹನ್ನೆರಡು ಓದಿದರೆ ಎಂಟು ರೂಪಾಯಿ ಚಿಲ್ಲರೆ. ಕಾಲೇಜು ಓದುವ, ಪರೀಕ್ಷೆಗೆ ತಯಾರಾಗುವ ಮಕ್ಕಳಿರುವ ಮನೆಗೆ, ಇಂಗ್ಲಿಷ್ ಬಲ್ಲವರಿಗೆ ಇದು ಖಂಡಿತ ಲಾಭ.

ಸರಕಾರವೇ ಇಂಥ ಒಂದು ದೊಡ್ಡ ಪ್ಯಾಕ್ ಕೊಂಡಿದೆ. 'ಒಂದು ರಾಷ್ಟ್ರ ಒಂದು ಚಂದಾ' ಅಂತ ಅದರ ಹೆಸರು. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ವಿಜ್ಞಾನ, ಸಂಶೋಧನಾ ಪತ್ರಿಕೆಗಳನ್ನು 6,300ಕ್ಕೂ ಹೆಚ್ಚು ಸರಕಾರಿ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿ, ಅಧ್ಯಾಪಕ, ಸಂಶೋಧಕರು ಓದಬಹುದು. ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ 1,100 ರೂಪಾಯಿ ಆಸುಪಾಸು. ಓದುವವರು ಬಹಳ, ಒಬ್ಬೊಬ್ಬರ ವಿಷಯ ಬೇರೆ ಬೇರೆ. ಅಂಥ ಕಡೆ ಪ್ಯಾಕ್ ಸರಿ. ನಮ್ಮಂಥವರಿಗೆ ಅದರ ಬಾಗಿಲು ತೆರೆದಿಲ್ಲ. ವಿಶ್ವವಿದ್ಯಾಲಯದವರು ಓದಿದ್ದನ್ನು ಕನ್ನಡದಲ್ಲಿ ನಮಗೆ ಮುಟ್ಟಿಸಲಿ ಅಂತ ಕೇಳುವ ಹಕ್ಕಂತೂ ನಮಗಿದೆ.

ಆಗಲೇ ಕಟ್ಟಿರುವ ಚಂದಾ

ಪಂಚಾಯ್ತಿಯ ಮನೆ ಕಂದಾಯದ ರಶೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ತೆರಿಗೆಯ ಮೇಲೆ ನೂರಕ್ಕೆ ಆರು. 500 ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ 30 ರೂಪಾಯಿ ಗ್ರಂಥಾಲಯಕ್ಕೆ ಹೋಗುತ್ತೆ. ಅಂದರೆ ಓದಿದರೂ ಓದದಿದ್ದರೂ ಒಂದು ಪ್ಯಾಕಿಗೆ ನಾವು ಚಂದಾ ಕಟ್ಟುತ್ತಲೇ ಇದ್ದೇವೆ. ಪಂಚಾಯ್ತಿ ಗ್ರಂಥಾಲಯಕ್ಕೆ ಹೋಗಿ ದಿನಪತ್ರಿಕೆ ಓದಿ. ಕೃಷಿ ಮಾಸಿಕಗಳನ್ನು ತರಿಸಿ ಅಂತ ಗ್ರಾಮಸಭೆಯಲ್ಲಿ ಅರ್ಜಿ ಕೊಡಿ. ಮೊಬೈಲಿನಲ್ಲೇ ಓದುವವರಿಗೆ ರಾಜ್ಯ ಸರಕಾರ 2020ರ ಫೆಬ್ರುವರಿಯಲ್ಲಿ ಶುರು ಮಾಡಿದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇದೆ, ನೋಂದಣಿಗೆ ದುಡ್ಡಿಲ್ಲ.

ಪೇಟೆ ಧಾರಣೆಗೆ ಕೃಷಿ ಮಾರಾಟ ವಾಹಿನಿ ಜಾಲತಾಣ ಬಿಟ್ಟಿ. ಬೆಳೆಗೆ ರೋಗ ಬಂದರೆ 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರಿಗೆ, 1800-180-1551ಕ್ಕೆ ಕನ್ನಡದಲ್ಲೇ ಕೇಳಬಹುದು. ಇವಿಷ್ಟಕ್ಕಾಗಿ ಯಾರೂ ಪ್ಯಾಕ್ ಕೊಳ್ಳಬೇಕಾಗಿಲ್ಲ.

ದುಡ್ಡು ಕಟ್ಟುವ ಮುಂಚೆ

1. ಪ್ಯಾಕಿನಲ್ಲಿ ಕನ್ನಡ ಪತ್ರಿಕೆಗಳ ಪಟ್ಟಿ ಮೊದಲು ನೋಡಿ. ನಿಮಗೆ ಬೇಕಾದ ಮೂರು ಹೆಸರು ಅದರಲ್ಲಿ ಇಲ್ಲದಿದ್ದರೆ ಬಿಟ್ಟುಬಿಡಿ.

2. ಬರೀ ಅಚ್ಚಿನ ಪುಟವೋ, ಅಕ್ಷರ ಬಿಡಿಸಿ ಓದುವಂತಿದೆಯೋ ಪರೀಕ್ಷಿಸಿ. ಪೂರ್ತಿ ಸಂಚಿಕೆಯೋ, ಆಯ್ದ ಲೇಖನ ಮಾತ್ರವೋ ಕೇಳಿ.

3. ಮನೆಯ ಎಷ್ಟು ಫೋನಿಗೆ ಬರುತ್ತೆ ತಿಳಿದುಕೊಳ್ಳಿ.

4. ಮೊದಲ ತಿಂಗಳು ಬಿಟ್ಟಿ ಅಂದರೂ ಆಟೋಪೇ ಒಪ್ಪಿಗೆ ಕೇಳ್ತಾರೆ. ತಿಂಗಳು ಮುಗಿದ ಮೇಲೆ ತಾನಾಗಿ ದುಡ್ಡು ಹೋಗುತ್ತೆ. ಯುಪಿಐ ಆಟೋಪೇ 2020ರಿಂದ ಇದೆ. ಒಪ್ಪಿಗೆ ಕೊಟ್ಟ ಯುಪಿಐ ಆಪಿನಲ್ಲೇ ಆಟೋಪೇ ಅನ್ನೋ ಕಡೆ ಹೋಗಿ ರದ್ದು ಮಾಡಬಹುದು. ಸಾಮಾನ್ಯವಾಗಿ ದುಡ್ಡು ಕಡಿತವಾಗುವ 24 ಗಂಟೆ ಮುಂಚೆ ಸಂದೇಶ ಬರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಆ ಸಂದೇಶ ಅಳಿಸದೆ ಓದಿ.

5. ಸೇರುವುದು ಸುಲಭ, ಬಿಡುವುದು ಕಷ್ಟ ಅನ್ನುವಂತೆ ಚಂದಾ ಇಟ್ಟರೆ ಅದು ಬಲೆ. 2023ರ ನವೆಂಬರ್ 30ರ ಕೇಂದ್ರದ ಮಾರ್ಗಸೂಚಿ ಇಂಥ ಚಂದಾ ಬಲೆಯನ್ನು ನಿಷೇಧಿಸಿದೆ. ತೊಂದರೆಯಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಿ.

6. ವರ್ಷಕ್ಕೆ ಕಟ್ಟಿದರೆ ಅಗ್ಗ ಅಂತಾರೆ. ಮೊದಲು ಒಂದು ತಿಂಗಳು ಕಟ್ಟಿ, ನೋಟ್ ಬುಕ್ಕಿನಲ್ಲಿ ಗೆರೆ ಎಳೆಯಿರಿ. ಓದಿದ ಸಂಚಿಕೆಗೊಂದು ಗೆರೆ. ತಿಂಗಳ ಕೊನೆಗೆ ದುಡ್ಡನ್ನು ಗೆರೆಗಳಿಂದ ಭಾಗಿಸಿ.

ನಮ್ಮ ಮನೆಯಲ್ಲಿ ಹೀಗೆ ತೀರ್ಮಾನ ಮಾಡಿದೆವು. ಪ್ಯಾಕ್ ಮಗನಿಗೂ ಮೊಮ್ಮಗಳ ಓದಿಗೂ ಇರಲಿ, ಅವರ ಗೆರೆಗಳು ಬಹಳ ಬಂದಿವೆ. ಬೇಸಾಯಕ್ಕೆ ಬೇಕಾದ ಎರಡು ಮಾಸಿಕಗಳ ಚಂದಾ ಮಾತ್ರ ನೇರ ಪತ್ರಿಕೆಗೇ, ಕಡಲೆಕಾಯಿ ಮಾರಿದ ವಾರದಲ್ಲೇ ಕಟ್ಟಿಬಿಡುವುದು. ಬಿತ್ತನೆ ಬೀಜ ಬೇರೆ ತೆಗೆದಿಟ್ಟ ಮೇಲೇ ಮಿಕ್ಕದ್ದನ್ನು ಮಾರುವುದು ನಮ್ಮ ಪದ್ಧತಿ. ಇದೂ ಹಾಗೇ.