ಕಾರ್ಟೂನಿಗೂ ಉಂಟು ಚೇಣಿ!

ಮಕ್ಕಳೇ, ಹೊರದೇಶದ ಕಾರ್ಟೂನಿನ ಹುಡುಗಿ ನಿಮ್ಮ ಮನೆ ಟಿ.ವಿ.ಯಲ್ಲಿ ಕನ್ನಡ ಮಾತಾಡುತ್ತಾಳಲ್ಲ, ಅವಳನ್ನು ಕರೆತರಲು ಚಾನೆಲಿನವರು ಯಾರಿಗೆ, ಯಾಕೆ ದುಡ್ಡು ಕೊಡುತ್ತಾರೆ ಗೊತ್ತೇ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಜ್ಜ-ಅಜ್ಜಿಯರಿಗೆ ಅಡಿಕೆ ಚೇಣಿ ಗೊತ್ತು. ಚೇಣಿದಾರ ಮಾತಾದಷ್ಟು ಕೊಟ್ಟು ಆ ವರ್ಷದ ಫಸಲು ವಹಿಸಿಕೊಳ್ಳುತ್ತಾನೆ. ತೋಟ ಮಾತ್ರ ಯಜಮಾನನದೇ. ಕಾರ್ಟೂನಿನ ‘ಲೈಸೆನ್ಸ್’ ಕೂಡ ಹೀಗೇ. ಇಷ್ಟು ವರ್ಷ, ಇಷ್ಟು ಸಲ, ಈ ಭಾಷೆಯಲ್ಲಿ, ಈ ಪ್ರದೇಶದಲ್ಲಿ ತೋರಿಸಬಹುದು ಎಂದು ಕರಾರು. ಅವಧಿ ಮುಗಿದರೆ ಹಕ್ಕೂ ಮುಗಿಯಿತು. ಕನ್ನಡದ ಧ್ವನಿ ಕೂಡಿಸುವ ಖರ್ಚು ಬೇರೆ.

ಇನ್ನೊಂದು ದಾರಿ, ಹೇಳಿ ಮಾಡಿಸುವುದು. ಸಾಗರದ ಗುಡಿಗಾರರ ಹತ್ತಿರ ಗಂಧದ ಕೆತ್ತನೆ ಹೇಳಿ ಮಾಡಿಸುತ್ತಾರಲ್ಲ, ಹಾಗೆ. ಇದಕ್ಕೆ ಖರ್ಚು ಬಹಳ. ಯಾಕೆ ನೋಡಿ: ನಮ್ಮ ಟಿ.ವಿ.ಯಲ್ಲಿ ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ. 22 ನಿಮಿಷದ ಒಂದು ಕಂತಿಗೆ 33,000! ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸಿದರೂ 16,500 ಬೇಕು. ವಾರಕ್ಕೊಂದರಂತೆ ವರ್ಷಕ್ಕೆ 52 ಕಂತಾದರೆ 8,58,000. ಕಂಪ್ಯೂಟರ್ ಕೆಲಸ ಹಗುರ ಮಾಡಿದರೂ ಕಥೆ, ಚಿತ್ರ, ಧ್ವನಿ, ಸಂಗೀತಕ್ಕೆ ಜನ ಬೇಕೇ ಬೇಕು.

ಒಂದು ಕಂತಿಗೆ 20 ಲಕ್ಷ ರೂಪಾಯಿ ಬಿತ್ತು ಎಂದು ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. 20 ಚಾನೆಲುಗಳು ತಲಾ ಒಂದು ಲಕ್ಷ ಕೊಟ್ಟರೆ ಅಸಲು ಬಂತು. ಕನ್ನಡದ ಒಂದೇ ಚಾನೆಲ್ ಹೇಳಿ ಮಾಡಿಸಿದರೆ? ಪೂರ್ತಿ 20 ಲಕ್ಷ ಅದರ ತಲೆಯ ಮೇಲೆ! ಅದು ಕನ್ನಡದ ಜಾಹೀರಾತುಗಳಿಂದಲೇ ಹುಟ್ಟಬೇಕು. 2009ರಲ್ಲಿ ಶುರುವಾದ ಕನ್ನಡ ಮಕ್ಕಳ ಚಾನೆಲ್ ‘ಚಿಂಟು ಟಿ.ವಿ.’ಯಲ್ಲಿ ಡಬ್ಬಿಂಗ್ ಕಾರ್ಟೂನುಗಳೇ ಹೆಚ್ಚು ಕಾಣುವುದಕ್ಕೆ ಈ ಲೆಕ್ಕ ನೆನಪಿರಲಿ.

ಅಜ್ಜ-ಅಜ್ಜಿಯರು ಮೆಚ್ಚಿದ ‘ಮಾಲ್ಗುಡಿ ಡೇಸ್’ ಕಾರ್ಟೂನ್ ಅಲ್ಲ, ನಟರು ಅಭಿನಯಿಸಿದ ಧಾರಾವಾಹಿ. ಶಂಕರ್ ನಾಗ್ ಅದನ್ನು ಚಿತ್ರಿಸಿದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಊರು ನಮ್ಮದು, ಆದರೆ ದೂರದರ್ಶನದಲ್ಲಿ ದೇಶ ಅದನ್ನು ನೋಡಿದ್ದು ಹಿಂದಿಯಲ್ಲಿ. ನೋಡುವವರು ಹೆಚ್ಚಿದ್ದಲ್ಲಿ ದುಡ್ಡು ಹಾಕುವ ಧೈರ್ಯವೂ ಹೆಚ್ಚು.

ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ‘ಛೋಟಾ ಭೀಮ್’ 2008ರಲ್ಲಿ ಪೋಗೋ ಚಾನೆಲಿಗೆ ಬಂದ. ಭೀಮನ ಹಕ್ಕು ಮಾತ್ರ ಸಂಸ್ಥೆಯ ಕೈಯಲ್ಲೇ ಉಳಿಯಿತು. ಆಮೇಲೆ ಆಟಿಕೆ ಬಂತು, 2012ರಲ್ಲಿ ಚಿತ್ರಮಂದಿರಕ್ಕೆ ಸಿನಿಮಾವೂ ಬಂತು. ತೋಟ ತನ್ನದಾಗಿದ್ದರೆ ವರ್ಷವರ್ಷವೂ ಫಸಲು!

ಹಾಗಾದರೆ ಮಲೆನಾಡಿನ ಕಥೆ ಕಾರ್ಟೂನ್ ಆಗುವುದೇ ಇಲ್ಲವೇ? ಆಗಬಹುದು. ಒಂದೇ ಕಥೆಯನ್ನು ಕನ್ನಡದಲ್ಲಿ ಮಾಡಿ, ಬೇರೆ ಭಾಷೆಗಳಿಗೆ ಚೇಣಿ ಕೊಟ್ಟರೆ ಖರ್ಚು ಹಂಚಿಹೋಗುತ್ತದೆ.

ಇಂದು ಕಾರ್ಟೂನ್ ಮುಗಿದಾಗ ಕೊನೆಯಲ್ಲಿ ಓಡುವ ಅಕ್ಷರಗಳನ್ನು ಗಮನಿಸಿ. ವೃತ್ತದೊಳಗೆ ಇಂಗ್ಲಿಷಿನ ‘ಸಿ’ ಅಕ್ಷರ, ಪಕ್ಕದಲ್ಲಿ ಒಂದು ಹೆಸರು ಇರುತ್ತದೆ. ಅದೇ ತೋಟದ ಯಜಮಾನನ ಹೆಸರು. ಬರೆದಿಟ್ಟುಕೊಂಡು ಅಜ್ಜನಿಗೆ ತೋರಿಸಿ.