ಮಣ್ಣಿಗೆ ಬಂದವರು

ಸತ್ತವರ ಅಂತ್ಯಕ್ರಿಯೆಗೆ ಹೋಗುವುದನ್ನು ನಮ್ಮ ಬಾಗಲಕೋಟೆ ಕಡೆ ‘ಮಣ್ಣಿಗೆ ಹೋಗೋದು’ ಅನ್ನುತ್ತೇವೆ. ಲಿಂಗಾಯತರಲ್ಲಿ ಕುಣಿ ತೆಗೆದು, ದೇಹವನ್ನು ಕೂರಿಸಿ, ವಿಭೂತಿ, ಪತ್ರಿ ಏರಿಸುತ್ತಾರೆ. ಬಂದವರು ಹಿಡಿಮಣ್ಣು ಹಾಕಿ ಹಿಂದಿರುಗುತ್ತಾರೆ. 2022ರ ಮಾರ್ಚ್ 21ರಂದು ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯಲ್ಲಿ ಸಾವಿರಾರು ಜನ ಸೇರಿದ್ದರು. ಮಣ್ಣು ಮಾತ್ರ ಇರಲಿಲ್ಲ.

ನವೀನ್ ಗ್ಯಾನಗೌಡರ ಉಕ್ರೇನಿನ ಹಾರ್ಕಿವ್ ರಾಷ್ಟ್ರೀಯ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ನಾಲ್ಕನೇ ವರ್ಷ ಓದುತ್ತಿದ್ದ. ಪಿಯುಸಿಯಲ್ಲಿ ಶೇ 97 ಅಂಕ ಬಂದರೂ ಇಲ್ಲಿ ವೈದ್ಯಕೀಯ ಸೀಟು ಸಿಗಲಿಲ್ಲ, ಕೋಟಿಗಟ್ಟಲೆ ಕೊಡಲು ತಮ್ಮಲ್ಲಿರಲಿಲ್ಲ ಎಂದು ತಂದೆ ಆಗ ನೋವಿನಿಂದ ಹೇಳಿದ್ದರು. ಫೆಬ್ರುವರಿ 24ಕ್ಕೆ ಯುದ್ಧ ಶುರುವಾಯಿತು. ಮಾರ್ಚ್ 1ರ ಬೆಳಿಗ್ಗೆ ಆಹಾರ ತರಲೆಂದು ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿ ನಡೆಯಿತು. ಅವನಿಗೆ 21 ವರ್ಷ.

ಅವನು ಸೈನಿಕನಲ್ಲ, ನಿಜ. ಆದರೆ ವೀರಗಲ್ಲುಗಳನ್ನು ಒಮ್ಮೆ ನಿಂತು ನೋಡಬೇಕು. ಕೆಳಗೆ ಕಾಳಗ, ನಡುವೆ ಕೈಹಿಡಿದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಅರಸನಿಗಾಗಿ ಸತ್ತವರಿಗಷ್ಟೇ ಅವನ್ನು ನಿಲ್ಲಿಸಲಿಲ್ಲ. ಊರಿನ ತುರು ಬಿಡಿಸಲು ಹೋಗಿ ಮಡಿದವರಿಗೂ ನಿಲ್ಲಿಸಿದರು. ಅನ್ನಕ್ಕೆಂದು ಹೊರಗೆ ಬಂದು ಯುದ್ಧಕ್ಕೆ ಬಲಿಯಾದ ಹುಡುಗನನ್ನು ಆ ಸಾಲಿನಿಂದ ಹೊರಗಿಡಲು ನನಗೆ ಮನಸ್ಸು ಬಾರದು.

ಸುಮಾರು ಮೂರು ವಾರ ನವೀನನ ದೇಹ ಊರಿಗೆ ಬರಲಿಲ್ಲ. ಬಂದರೆ ವೈದ್ಯಕೀಯ ಕಾಲೇಜಿಗೆ ಕೊಡುತ್ತೇವೆ ಎಂದು ಮನೆಯವರು ನಿಶ್ಚಯಿಸಿದರು. ಹಾಗೆ ನಿಶ್ಚಯಿಸುವುದು ಸುಲಭವಲ್ಲ. ಕರ್ನಾಟಕ ಅಂಗರಚನಾಶಾಸ್ತ್ರ ಕಾಯ್ದೆ ಬಂದದ್ದು 1957ರಲ್ಲೇ ಆದರೂ, ಕಾಲೇಜಿನ ಮೇಜಿಗೆ ಹೋಗುವುದು ವಾರಸುದಾರರಿಲ್ಲದ ಹೆಣ ಎಂಬ ಅಳುಕು ಬಹುಕಾಲ ಉಳಿದಿತ್ತು. 2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ, ತಂದೆಯ ಇಚ್ಛೆಯಂತೆ ಅವರ ದೇಹವನ್ನು ವಿದ್ಯಾರ್ಥಿಗಳೆದುರು ತಾವೇ ಛೇದಿಸಿ ತೋರಿಸಿದರು. ಮಗ ಅಪ್ಪನಿಗೆ ಸಲ್ಲಿಸಿದ ಆ ಗೌರವ ದೇಹದಾನದ ಮಾತನ್ನು ಉತ್ತರ ಕರ್ನಾಟಕದ ಮನೆಗಳ ಪಡಸಾಲೆಗೆ ತಂದಿತು.

ಚಳಗೇರಿಯಲ್ಲಿ ಅಪ್ಪ ಮಗನನ್ನು ಕೊಟ್ಟರು. ವೀರಶೈವ ವಿಧಿಯಂತೆ ಪೂಜೆ ಮುಗಿಯಿತು. ಹಿಡಿಮಣ್ಣಿನ ಹೊತ್ತಿಗೆ, ನವೀನನನ್ನು ಹೊತ್ತ ವಾಹನ ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿನ ದಾರಿ ಹಿಡಿಯಿತು.